ಗೆರೆ ಎಳೆಯುವ ಮೊದಲೇ ಆಕಾರ

ಶ್ರೋತೃಗಳಿಗೆ ನಮಸ್ಕಾರ.

ಯಾವುದಾದರೂ ರಸ್ತೆಯ ಹತ್ತು ಕಟ್ಟಡಗಳನ್ನು ಎದುರು ಬದಿಯಲ್ಲಿ ನಿಂತು ನೋಡಿ. ಬಣ್ಣ ಬೇರೆ ಬೇರೆ, ಗ್ರಿಲ್ಲಿನ ಚಿತ್ತಾರ ಬೇರೆ ಬೇರೆ. ಆದರೆ ಎತ್ತರ ಹೆಚ್ಚುಕಡಿಮೆ ಒಂದೇ. ಮುಂದೆ ಬಿಟ್ಟ ಜಾಗ ಒಂದೇ ಅಳತೆ. ಪಕ್ಕದಲ್ಲಿ ಮೈ ಓರೆ ಮಾಡಿಕೊಂಡು ಹೋಗಬೇಕಾದ ಸಂದಿ, ಕೆಳಗೆ ಕಂಬಗಳ ನಡುವೆ ಕಾರು. ಹತ್ತು ಮಾಲೀಕರು ಕೂತು ಮಾತಾಡಿಕೊಂಡು ಹೀಗೆ ಕಟ್ಟಿಸಿದ್ದೇನಲ್ಲ. ಅವರು ಆರ್ಕಿಟೆಕ್ಟರ ಬಾಗಿಲು ತಟ್ಟುವ ಹೊತ್ತಿಗಾಗಲೇ ಕಟ್ಟಡ ನಿಯಮಾವಳಿಯ ಒಂದು ಕೋಷ್ಟಕ ಆ ಹತ್ತೂ ಕಟ್ಟಡಗಳ ಆಕಾರವನ್ನು ಬಹುಪಾಲು ತೀರ್ಮಾನಿಸಿ ಆಗಿತ್ತು. ಆ ಕೋಷ್ಟಕ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎನ್ನುವುದು ಇವತ್ತಿನ ಮಾತು. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ತೆಗೆದುಕೊಳ್ಳಿ, ಒಂದು ಸಣ್ಣ ಲೆಕ್ಕ ಮಾಡೋಣ.

ಕೋಷ್ಟಕದಲ್ಲಿ ಮುಖ್ಯವಾಗಿ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಸೆಟ್‌ಬ್ಯಾಕ್, ಅಂದರೆ ಸೈಟಿನ ಗಡಿಯಿಂದ ಗೋಡೆಗೆ ಬಿಡಬೇಕಾದ ದೂರ. ಎರಡನೆಯದು ಎಫ್‌ಎಆರ್. ಎಲ್ಲ ಮಹಡಿಗಳ ವಿಸ್ತೀರ್ಣ ಕೂಡಿಸಿ ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಎಫ್‌ಎಆರ್ 2 ಅಂದ ತಕ್ಷಣ ಎರಡು ಮಹಡಿ ಎಂದುಕೊಳ್ಳುವವರೇ ಹೆಚ್ಚು. ಸೈಟು ಪೂರ್ತಿ ತುಂಬಿಸಿದರೆ ಎರಡು ಮಹಡಿ, ಅರ್ಧ ತುಂಬಿಸಿದರೆ ನಾಲ್ಕು, ಕಾಲು ಭಾಗ ತುಂಬಿಸಿದರೆ ಎಂಟು. ಮೂರನೆಯದು ಎತ್ತರದ ಮಿತಿ.

ಈಗ ಲೆಕ್ಕ. ಸೈಟಿನ ಅಗಲ 12 ಮೀಟರ್, ಉದ್ದ 18 ಮೀಟರ್. ಒಟ್ಟು 216 ಚದರ ಮೀಟರ್. ಎಫ್‌ಎಆರ್ 2 ಇದೆ ಎಂದಿಟ್ಟುಕೊಳ್ಳಿ, ಹಾಗಾದರೆ 432 ಚದರ ಮೀಟರ್ ಕಟ್ಟಬಹುದು. ಮುಂದೆ 3 ಮೀಟರ್, ಹಿಂದೆ 2, ಎರಡೂ ಪಕ್ಕ ಒಂದೂವರೆ ಮೀಟರ್ ಬಿಡಿ. ಉಳಿಯುವುದು 9 ಮೀಟರ್ ಅಗಲ, 13 ಮೀಟರ್ ಉದ್ದ. ಒಂದು ಮಹಡಿಗೆ 117 ಚದರ ಮೀಟರ್. ಎತ್ತರದ ಮಿತಿ 11.5 ಮೀಟರ್ ಎಂದಿರಲಿ. ಕೆಳಗೆ ಕಾರಿಗೆ ಎರಡೂವರೆ ಮೀಟರ್ ಎತ್ತರದ ಸ್ಟಿಲ್ಟ್, ಅಂದರೆ ಬರೀ ಕಂಬಗಳಿರುವ ತೆರೆದ ನೆಲಮಹಡಿ, ಅದನ್ನು ಎಫ್‌ಎಆರ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನೋಣ. ಮೇಲೆ ತಲಾ 3 ಮೀಟರಿನ ಮೂರು ಮಹಡಿ. ಅಲ್ಲಿಗೆ ಎತ್ತರ ಮುಗಿಯಿತು. ಕಟ್ಟಿದ್ದು 351 ಚದರ ಮೀಟರ್. ನಿಯಮವೇ ಕೊಟ್ಟ 432ರಲ್ಲಿ 81 ಚದರ ಮೀಟರ್ ಕಾಗದದ ಮೇಲೆಯೇ ಉಳಿಯಿತು.

ಮಾಲೀಕರ ಕಣ್ಣು ಬೀಳುವುದು ಆ 81ರ ಮೇಲೆ. ಮೇಲೆ ಹೋಗಲು ಎತ್ತರ ಬಿಡುವುದಿಲ್ಲ, ಹಾಗಾಗಿ ಪಕ್ಕಕ್ಕೆ ಹೋಗುತ್ತಾರೆ. ಬಾಲ್ಕನಿ ಮೊದಲು ಹೊರಗೆ ಚಾಚುತ್ತದೆ, ವರ್ಷ ಕಳೆದ ಮೇಲೆ ಅದಕ್ಕೆ ಕಿಟಕಿ ಬಂದು ಕೋಣೆಯಾಗುತ್ತದೆ. ಹಿಂದಿನ ಸೆಟ್‌ಬ್ಯಾಕಿಗೆ ಶೀಟು ಹೊದಿಸಿದರೆ ಅದು ಅಡುಗೆಮನೆಯ ಬಾಲ. ಇದಕ್ಕೆ ಬರೀ ದುರಾಸೆ ಎಂದು ಹೆಸರಿಡುವುದು ಸುಲಭ. ಆದರೆ ಒಂದು ಅಂಕಿ ಕೈ ತುಂಬ ಕೊಟ್ಟು ಇನ್ನೊಂದು ಅಂಕಿ ಅದನ್ನು ಕಿತ್ತುಕೊಂಡರೆ, ಉಲ್ಲಂಘನೆಯ ಬೀಜ ಕೋಷ್ಟಕದಲ್ಲೇ ಬಿದ್ದಿರುತ್ತದೆ. ಕೋಷ್ಟಕ ಬರೆಯುವವರು ಪ್ರತಿ ಅಳತೆಯ ಸೈಟಿಗೂ ಮೂರೂ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿ, ಯಾವುದು ಮೊದಲು ಹಿಡಿಯುತ್ತದೆ ಎಂದು ಪರೀಕ್ಷಿಸಬೇಕು. ಈ ಕೆಲಸ ಆಗುವುದು ಬಹಳ ಅಪರೂಪ.

ಅದೇ ಸೈಟಿನಲ್ಲಿ ಆ ಪಕ್ಕದ ಸಂದಿಗೆ ಬರೋಣ. ನಮ್ಮ ಕಡೆ ಒಂದೂವರೆ, ನೆರೆಯವರ ಕಡೆ ಒಂದೂವರೆ, ಒಟ್ಟು 3 ಮೀಟರ್. ಎದುರು ಗೋಡೆಯ ಎತ್ತರ 11.5 ಮೀಟರ್. ಸ್ಟಿಲ್ಟಿನ ಮೇಲಿನ ಮೊದಲ ಮಹಡಿಯ ಕಿಟಕಿಯ ನಡುಭಾಗ ನೆಲದಿಂದ ಸುಮಾರು ಮೂರೂವರೆ ಮೀಟರ್ ಮೇಲಿರುತ್ತದೆ. ಅಲ್ಲಿಂದ ಎದುರು ಗೋಡೆ ಇನ್ನೂ 8 ಮೀಟರ್ ಮೇಲಕ್ಕೆ ಹೋಗುತ್ತದೆ. ಮೂರಕ್ಕೆ ಎಂಟು. ಆಕಾಶ ಕಾಣಬೇಕಾದರೆ ಸುಮಾರು 70 ಡಿಗ್ರಿ ಕತ್ತೆತ್ತಬೇಕು. ಹಗಲಲ್ಲೂ ಆ ಕೋಣೆಗೆ ದೀಪ ಬೇಕು. ಅಡುಗೆಮನೆಯ ಹೊಗೆ ಎದುರುಮನೆಯ ಮಲಗುವ ಕೋಣೆಗೆ ಹೋಗುತ್ತದೆ, ಅವರ ಮಾತು ಇವರ ಕಿವಿಗೆ ಬೀಳುತ್ತದೆ. ಹಾಗಾಗಿ ಎರಡೂ ಕಡೆಯವರು ಪರದೆ ಎಳೆದು ಕಿಟಕಿಯನ್ನು ಶಾಶ್ವತವಾಗಿ ಮುಚ್ಚುತ್ತಾರೆ. ಬೆಳಕು, ಗಾಳಿಗಾಗಿ ಎಂದೇ ಬರೆದ ನಿಯಮ ಇದು. ಜಾಗವನ್ನೇನೋ ಬಿಡಿಸಿತು, ಆದರೆ ಆ ಜಾಗ ಯಾವ ಕೆಲಸಕ್ಕೂ ಬರುವ ಹಾಗಿಲ್ಲ.

ಈಗ ಲೆಕ್ಕವನ್ನು ತಿರುಗಿಸಿ. ಪಕ್ಕದ ಎರಡು ಸಂದಿ ಸೇರಿ 13 ಮೀಟರ್ ಉದ್ದಕ್ಕೆ 39 ಚದರ ಮೀಟರ್ ನುಂಗಿವೆ. ಅದನ್ನು ತೆಗೆದು ಹಿಂದಕ್ಕೆ ಹಾಕಿ. ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ಸಾಲಾಗಿ ನಿಲ್ಲಲಿ. ಕಟ್ಟಡದ ಅಗಲ ಈಗ ಪೂರ್ತಿ 12 ಮೀಟರ್, ಆಳ 9.75 ಮೀಟರ್. ಗುಣಿಸಿ ನೋಡಿ, ಅದೇ 117 ಚದರ ಮೀಟರ್. ಹಿಂದಿನ ಸೆಟ್‌ಬ್ಯಾಕ್ 2 ಮೀಟರಿನಿಂದ 5.25ಕ್ಕೆ ಏರಿತು. ಹಿಂಬದಿಯ ಸೈಟಿನವರೂ ಹಾಗೇ ಮಾಡಿದರೆ ಎರಡು ಹಿಂಗೋಡೆಗಳ ನಡುವೆ ಹತ್ತೂವರೆ ಮೀಟರ್. ಅದೇ ಕಿಟಕಿಯಿಂದ ಈಗ 37 ಡಿಗ್ರಿಗೇ ಆಕಾಶ ಸಿಗುತ್ತದೆ. ಮರ ಬೆಳೆಯುತ್ತದೆ, ಮಕ್ಕಳು ಆಡಬಹುದು. ಹಗಲು ಬೆಳಕು ಕೋಣೆಯೊಳಗೆ ಹೋಗುವುದು ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರ ಎಂದು ಕಟ್ಟಡದವರು ಅಂದಾಜು ಹಿಡಿಯುತ್ತಾರೆ. ಮೇಲಂಚು 2.1 ಮೀಟರ್ ಇದ್ದರೆ ಸುಮಾರು 5 ಮೀಟರ್. ಮುಂದಿನಿಂದ 5, ಹಿಂದಿನಿಂದ 5, ಮನೆಯ ಆಳವೇ 9.75. ಮನೆ ಪೂರ್ತಿ ಬೆಳಕಾಯಿತು.

ಹಾಗಾದರೆ ಎಲ್ಲೆಡೆ ಹೀಗೇ ಮಾಡಬಾರದೇಕೆ? ತೊಡಕುಗಳಿವೆ. ತಾಗಿರುವ ಗೋಡೆಗೆ ಬೆಂಕಿ ತಡೆಯುವ ಶಕ್ತಿ ಇರಬೇಕು, ಅದರಲ್ಲಿ ಒಂದೂ ಕಿಂಡಿ ಇರಬಾರದು. ಭೂಕಂಪದಲ್ಲಿ ಎರಡು ಕಟ್ಟಡಗಳು ಬೇರೆ ಬೇರೆ ಲಯದಲ್ಲಿ ತೂಗಾಡಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ, ಹಾಗಾಗಿ ನಡುವೆ ಲೆಕ್ಕ ಹಾಕಿದ ಸಣ್ಣ ತೆರಪು ಬೇಕು, ಆ ತೆರಪಿಗೆ ಮಳೆ ನೀರು ಇಳಿಯದಂತೆ ಮೇಲೆ ಮುಚ್ಚಿಗೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಇಡೀ ಸಾಲು ಒಪ್ಪಬೇಕು. ಸಾಲಿನಲ್ಲಿ ಒಬ್ಬರು ಪಕ್ಕ ಬಿಟ್ಟು ಇನ್ನೊಬ್ಬರು ತಾಗಿಸಿದರೆ ಇಬ್ಬರಿಗೂ ನಷ್ಟ. ಆದ್ದರಿಂದ ಇದನ್ನು ಒಂದೊಂದು ಸೈಟಿಗೆ ರಿಯಾಯಿತಿಯಾಗಿ ಕೊಡದೆ, ಬಡಾವಣೆಯ ನಕ್ಷೆ ಮಾಡುವಾಗಲೇ ಬರೆಯಬೇಕು.

ಕಾರಿನ ವಿಷಯ ಬಿಟ್ಟರೆ ಲೆಕ್ಕ ಪೂರ್ತಿಯಾಗದು. ಮಹಡಿಗೆ ಎರಡರಂತೆ ಆರು ಫ್ಲಾಟು ಮಾಡಿದರು, ಫ್ಲಾಟಿಗೊಂದು ಕಾರು ಎಂದು ನಿಯಮ ಹೇಳಿತು ಎನ್ನಿ. ಕಾರು ನಿಲ್ಲುವ ಚೌಕ ಎರಡೂವರೆ ಮೀಟರಿಗೆ 5 ಮೀಟರ್, ಹನ್ನೆರಡೂವರೆ ಚದರ ಮೀಟರ್ ಅಷ್ಟೇ. ಆದರೆ ನೇರವಾಗಿ ಒಳಗೆ ತಿರುಗಿಸಲು ಅದರ ಮುಂದೆ 6 ಮೀಟರ್ ದಾರಿ ಬೇಕು. ದಾರಿಯ ಪಾಲು, ಕಂಬಗಳ ಮೂಲೆ ಎಲ್ಲ ಸೇರಿ ಒಂದು ಕಾರಿಗೆ ನಿಜವಾಗಿ ಬೇಕಾಗುವುದು 25ರಿಂದ 30 ಚದರ ಮೀಟರ್. 117ರಲ್ಲಿ ಮೆಟ್ಟಿಲು, ಲಿಫ್ಟು ಕಳೆದರೆ ಸುಮಾರು 100 ಉಳಿಯುತ್ತದೆ. ನಾಲ್ಕು ಕಾರು. ಐದನೆಯದು ಮುಂದಿನ ಸೆಟ್‌ಬ್ಯಾಕಿಗೆ, ಆರನೆಯದು ಫುಟ್‌ಪಾತಿಗೆ. ನಕ್ಷೆಯಲ್ಲಿ ಮಾತ್ರ ಆರೂ ಕಾರು ಅಂದವಾಗಿ ನಿಂತಿರುತ್ತವೆ. ಆರನೆಯ ಕಾರು ಹೊರಗೆ ಬರಬೇಕಾದರೆ ಮೂರನೆಯದು ಹಾರಬೇಕು, ಅಷ್ಟೇ.

ನೆಲಮಹಡಿಯನ್ನು ಕಾರಿಗೆ ಕೊಟ್ಟಾಗ ಇನ್ನೆರಡು ಸಂಗತಿ ಘಟಿಸುತ್ತವೆ. ರಸ್ತೆಯ ಕಡೆ ಕಿಟಕಿಯೂ ಇಲ್ಲ, ಬಾಗಿಲೂ ಇಲ್ಲ, ಬರೀ ಗೇಟು. ಸಂಜೆಯ ಮೇಲೆ ಆ ರಸ್ತೆಯಲ್ಲಿ ನಡೆಯುವವರ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಎರಡನೆಯದು ಜೀವದ ಪ್ರಶ್ನೆ. ಮೇಲಿನ ಮಹಡಿಗಳಲ್ಲಿ ಗೋಡೆಗಳು ತುಂಬಿ ಬಿಗಿಯಾಗಿರುತ್ತವೆ, ಕೆಳಗೆ ಬೋಳು ಕಂಬಗಳು. ನೆಲ ಅಲುಗಿದಾಗ ಓಲಾಟವೆಲ್ಲ ಆ ಕಂಬಗಳ ಮೇಲೆ ಬೀಳುತ್ತದೆ. 1994ರಲ್ಲಿ ಅಮೆರಿಕದ ನಾರ್ತ್‌ರಿಜ್ ಭೂಕಂಪದಲ್ಲೂ 2001ರ ಗುಜರಾತ್ ಭೂಕಂಪದಲ್ಲೂ ಇಂಥ ಕಟ್ಟಡಗಳು ಕಾಲು ಮಡಚಿ ಕೂತವು. ಸ್ಟಿಲ್ಟ್ ಬೇಕೇ ಬೇಕೆಂದರೆ ಕೆಲವು ಕಂಬಗಳ ನಡುವೆ ತಳಪಾಯದಿಂದ ಮೇಲಿನವರೆಗೆ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು. ಆಗ ಕಾರಿನ ಜಾಗ ಇನ್ನಷ್ಟು ಕಮ್ಮಿ. ಕನಿಷ್ಠ ಇಷ್ಟು ಪಾರ್ಕಿಂಗ್ ಇರಲೇಬೇಕು ಎಂಬ ನಿಯಮವನ್ನೇ ಕೆಲವು ನಗರಗಳು ಈಗ ಕೈಬಿಟ್ಟಿವೆ. 2017ರಲ್ಲಿ ಅಮೆರಿಕದ ಬಫಲೋ ಇಡೀ ನಗರಕ್ಕೆ ಅದನ್ನು ತೆಗೆದುಹಾಕಿತು. ಅದೇ ವರ್ಷ ಮೆಕ್ಸಿಕೊ ನಗರ ಕನಿಷ್ಠದ ಜಾಗದಲ್ಲಿ ಗರಿಷ್ಠ ಮಿತಿ ಹಾಕಿತು.

ಎತ್ತರದ ನಿಯಮಕ್ಕೆ ಹಳೆಯ ಚರಿತ್ರೆ ಇದೆ, ಸ್ವಾರಸ್ಯವೂ ಇದೆ. ಪ್ಯಾರಿಸ್ಸಿನಲ್ಲಿ 1783ರಿಂದಲೇ ಕಟ್ಟಡದ ಎತ್ತರವನ್ನು ಬೀದಿಯ ಅಗಲಕ್ಕೆ ಕಟ್ಟಿಹಾಕಿದ್ದರು. 1859ರ ನಿಯಮದಂತೆ 20 ಮೀಟರ್ ಅಥವಾ ಅದಕ್ಕಿಂತ ಅಗಲದ ಬೀದಿಯಲ್ಲಿ ಗೋಡೆ 20 ಮೀಟರ್ ಏರಬಹುದಿತ್ತು. ಅಳೆಯುತ್ತಿದ್ದುದು ಗೋಡೆಯ ಮೇಲಂಚಿನವರೆಗೆ. ಛಾವಣಿ ಅದರ ಮೇಲೆ, 45 ಡಿಗ್ರಿ ಓರೆಯೊಳಗೆ ಕೂರಬೇಕು. ಅಳತೆ ಅಲ್ಲಿಗೇ ನಿಂತಿತು ಎಂದಮೇಲೆ ಛಾವಣಿಯೊಳಗೂ ಕೋಣೆ ತುಂಬಿದರು. ಆ ಊರಿನ ಚಿತ್ರಗಳಲ್ಲಿ ಕಾಣುವ ಬೂದುಬಣ್ಣದ ಓರೆ ಛಾವಣಿ, ಅದರಲ್ಲಿ ಸಣ್ಣ ಸಣ್ಣ ಕಿಟಕಿಗಳ ಸಾಲು ಮುಗಿಯದೆ ಹೋಗುವುದಕ್ಕೆ ಈ ಅಳತೆಯ ದೊಡ್ಡ ಪಾಲಿದೆ.

ನ್ಯೂಯಾರ್ಕಿನಲ್ಲಿ 1915ರಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎದ್ದು ನಿಂತಿತು. ಒಂದು ಎಕರೆಗೂ ಸ್ವಲ್ಪ ಕಡಿಮೆ ಜಾಗ, ಅದರ ಮೇಲೆ ಸೈಟಿನ ಸುಮಾರು 30 ಪಟ್ಟು ನೆಲ. ಗಡಿಯಿಂದ ನೆಟ್ಟಗೆ ಮೇಲೆ, ಎಲ್ಲೂ ಹಿಂದೆ ಸರಿಯದೆ. ಅಕ್ಕಪಕ್ಕದ ಬೀದಿಗಳಿಗೆ ನೆರಳು ಕವಿಯಿತು. ಮರುವರ್ಷವೇ, 1916ರಲ್ಲಿ, ನಗರದ ಝೋನಿಂಗ್ ನಿಯಮ ಬಂತು. ಅದರ ತಿರುಳು ಇಷ್ಟು: ಬೀದಿಯ ಅಗಲದ ಇಂತಿಷ್ಟು ಪಟ್ಟಿನವರೆಗೆ ನೆಟ್ಟಗೆ ಹೋಗಿ, ಆಮೇಲೆ ಮೇಲೆ ಹೋದಷ್ಟೂ ಹಿಂದೆ ಸರಿಯುತ್ತ ಹೋಗಿ. ಸೈಟಿನ ಕಾಲು ಭಾಗದ ಮೇಲೆ ಮಾತ್ರ ಗೋಪುರ ಎಷ್ಟು ಎತ್ತರಕ್ಕಾದರೂ ಹೋಗಲಿ. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ ಆ ಕಾಲದ ಗಗನಚುಂಬಿಗಳ ಸೊಬಗನ್ನು ಕಲೆಯ ಶೈಲಿ ಎಂದು ಹೊಗಳುತ್ತೇವೆ. 1931ರ ಎಂಪೈರ್ ಸ್ಟೇಟ್ ಕೂಡ ಅದೇ ನಿಯಮದ ಅಚ್ಚಿನಲ್ಲಿ ಎರಕವಾದದ್ದು. ಜಪಾನಿನಲ್ಲಿ ಇದೇ ಕೆಲಸವನ್ನು ಓರೆ ಗೆರೆ ಮಾಡುತ್ತದೆ. ವಾಸದ ಪ್ರದೇಶದಲ್ಲಿ ರಸ್ತೆಯ ಎದುರು ಅಂಚಿನಿಂದ ಪ್ರತಿ 1 ಮೀಟರಿಗೆ 1.25 ಮೀಟರ್ ಏರುವ ಕಾಲ್ಪನಿಕ ಗೆರೆಯನ್ನು ಕಟ್ಟಡ ದಾಟಬಾರದು. ಟೋಕಿಯೋದಲ್ಲಿ ಮೇಲಿನ ಮಹಡಿಯನ್ನು ಚಾಕುವಿನಿಂದ ಕೊಯ್ದ ಹಾಗೆ ಕಾಣುವ ಮನೆಗಳಿಗೆ ಇದೇ ಕಾರಣ.

ಎತ್ತರ ಅಳೆಯುವಲ್ಲಿ ಎಡವಟ್ಟಾಗುವುದು ಆರಂಭದ ಬಿಂದುವಿನಲ್ಲಿ. ರಸ್ತೆಯ ಮಟ್ಟದಿಂದಲೋ, ಸೈಟಿನ ಮಣ್ಣಿನ ಮಟ್ಟದಿಂದಲೋ, ಪಾಯದ ಮೇಲಿನಿಂದಲೋ? ನಿಯಮ ಇದನ್ನು ಬಿಡಿಸಿ ಹೇಳದಿದ್ದರೆ ಇಳಿಜಾರಿನ ಸೈಟಿನಲ್ಲಿ ಒಂದು ಮಹಡಿಯೇ ನುಸುಳಿಕೊಳ್ಳುತ್ತದೆ. ಸೆಟ್‌ಬ್ಯಾಕಿನದ್ದೂ ಇದೇ ಕಥೆ. ನಕ್ಷೆಯಲ್ಲಿ ಒಂದೂವರೆ ಮೀಟರ್ ಎಂದು ತೋರಿಸಿರುವುದು ಗೋಡೆಯ ಹೊರಮೈಗೆ. ಮೇಸ್ತ್ರಿ ದಾರ ಕಟ್ಟುವಾಗ ಅದನ್ನೇ ಗೋಡೆಯ ನಡುಗೆರೆ ಎಂದುಕೊಂಡರೆ, 23 ಸೆಂಟಿಮೀಟರ್ ಗೋಡೆಯಲ್ಲಿ ಅರ್ಧ, ಅಂದರೆ ಹನ್ನೊಂದೂವರೆ ಸೆಂಟಿಮೀಟರ್ ಹೊರಗೆ ಬಂತು. ಮೇಲೆ 2 ಸೆಂಟಿಮೀಟರ್ ಗಾರೆ. ಒಂದೂವರೆ ಮೀಟರ್ ಈಗ 1.36 ಚಿಲ್ಲರೆ. ತಪಾಸಣೆಗೆ ಬಂದವರು ಟೇಪು ಹಿಡಿದಾಗ ಮೂರು ಮಹಡಿ ಎದ್ದಿರುತ್ತದೆ. ದಾರ ಕಟ್ಟಿದ ದಿನ ಒಮ್ಮೆ, ಪಾಯದ ಮಟ್ಟ ಮುಗಿದಾಗ ಇನ್ನೊಮ್ಮೆ ಅಳೆದು ಬರೆದಿಟ್ಟುಕೊಂಡರೆ ಈ ಜಗಳ ಹುಟ್ಟುವುದೇ ಇಲ್ಲ.

ಇನ್ನು ಸಾರ್ವಜನಿಕ ಜಾಗಕ್ಕೆ ಬರೋಣ. 1961ರಲ್ಲಿ ನ್ಯೂಯಾರ್ಕ್ ತನ್ನ ನಿಯಮ ಬದಲಿಸಿ ಒಂದು ಆಮಿಷ ಒಡ್ಡಿತು. ನೆಲಮಟ್ಟದಲ್ಲಿ ಜನರಿಗಾಗಿ ತೆರೆದ ಅಂಗಳ ಬಿಟ್ಟವರಿಗೆ ಹೆಚ್ಚುವರಿ ನೆಲ. ಅತಿ ದಟ್ಟ ಪ್ರದೇಶದಲ್ಲಿ ಒಂದು ಚದರ ಅಡಿ ಅಂಗಳಕ್ಕೆ ಮೇಲೆ ಹತ್ತು ಚದರ ಅಡಿ ಕಟ್ಟಬಹುದಿತ್ತು, ಒಂದು ಮಿತಿಯವರೆಗೆ. ಕಟ್ಟುವವರಿಗೆ ಇದು ಹಬ್ಬ. ಅಂಗಳಗಳು ಸಾಲುಗಟ್ಟಿ ಬಂದವು. ನಿಯಮ ಎಷ್ಟು ಅಂಗಳ ಎಂದು ಕೇಳಿತ್ತೇ ಹೊರತು ಎಂಥ ಅಂಗಳ ಎಂದು ಕೇಳಿರಲಿಲ್ಲ. ಬಿಸಿಲೇ ಬೀಳದ ಉತ್ತರ ದಿಕ್ಕಿನ ಕಲ್ಲುಹಾಸು, ರಸ್ತೆಯಿಂದ ಆರೆಂಟು ಮೆಟ್ಟಿಲು ಹತ್ತಬೇಕಾದ ಜಗಲಿ, ಕೂರದಂತೆ ಮುಳ್ಳುಕಂಬಿ ಹಾಕಿದ ಕಟ್ಟೆ, ಎಲ್ಲವೂ ಲೆಕ್ಕಕ್ಕೆ ಅಂಗಳವೇ. 2000ನೇ ಇಸವಿಯಲ್ಲಿ ನಗರ ಯೋಜನೆಯ ಪ್ರಾಧ್ಯಾಪಕ ಜೆರಾಲ್ಡ್ ಕೇಡನ್ ಅವರು ನಗರ ಯೋಜನಾ ಇಲಾಖೆಯ ಜೊತೆ ಸೇರಿ ಇಂಥ 503 ಜಾಗಗಳನ್ನು ಒಂದೊಂದಾಗಿ ನೋಡಿದಾಗ, 41 ಶೇಕಡಾ ಜಾಗಗಳು ಹೆಸರಿಗಷ್ಟೇ ಇದ್ದವು.

ಅದಕ್ಕೂ ಮೊದಲೇ ವಿಲಿಯಂ ಎಚ್. ವೈಟ್ ಎಂಬವರು ನ್ಯೂಯಾರ್ಕಿನ ಇಂಥ ಅಂಗಳಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಎಂದು ದಿನಗಟ್ಟಲೆ ನೋಡಿದ್ದರು. ಅವರಿಗೆ ಸಿಕ್ಕ ಉತ್ತರ ಕೇಳಿದರೆ ನಗು ಬರಬಹುದು: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ಆದರೆ ಆ ಉತ್ತರದಿಂದ 1975ರ ತಿದ್ದುಪಡಿಗೆ ಅಂಕಿಗಳು ಬಂದವು. ಪ್ರತಿ 30 ಚದರ ಅಡಿ ಅಂಗಳಕ್ಕೆ ಒಂದು ಅಡಿ ಉದ್ದದ ಆಸನ. ಅಂಗಳ ಫುಟ್‌ಪಾತಿಗಿಂತ 3 ಅಡಿಗಿಂತ ಹೆಚ್ಚು ಮೇಲೂ ಇರಬಾರದು, ಕೆಳಗೂ ಇರಬಾರದು. ಮೇಲೆ ಹತ್ತಬೇಕಾದ, ಕೆಳಗೆ ಇಳಿಯಬೇಕಾದ ಜಾಗ ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ ಕಡೆ ಕಾಲು ಹೋಗುವುದಿಲ್ಲ. ಒಂದೇ ವಿಸ್ತೀರ್ಣ, ಒಂದೇ ಕಲ್ಲುಹಾಸು ಇದ್ದರೂ ಆಸನದ ಲೆಕ್ಕವೊಂದು ಸೇರಿದರೆ ಅದು ಬೇರೆಯೇ ಜಾಗವಾಗುತ್ತದೆ. ನಿಯಮ ಯಾವುದನ್ನು ಅಳೆಯುತ್ತದೋ ಅದಷ್ಟೇ ಕಟ್ಟಡದಲ್ಲಿ ಸಿಗುತ್ತದೆ, ಅಳೆಯದೆ ಬಿಟ್ಟದ್ದನ್ನು ಕೊಡಲು ಯಾರಿಗೂ ಬಿಡುವಿಲ್ಲ.

ರಸ್ತೆಯ ತಿರುವಿನ ಮೂಲೆಯನ್ನೂ ಒಂದು ಅಂಕಿಯೇ ಆಳುತ್ತದೆ. ಫುಟ್‌ಪಾತಿನ ಅಂಚಿನ ಕರ್ಬ್ ಕಲ್ಲು ಮೂಲೆಯಲ್ಲಿ ದುಂಡಾಗಿ ತಿರುಗುವ ತ್ರಿಜ್ಯ ಅದು. 7 ಮೀಟರ್ ಅಗಲದ ರಸ್ತೆ, 2 ಮೀಟರ್ ಫುಟ್‌ಪಾತ್. ಫುಟ್‌ಪಾತಿನ ನಡುವೆ ನಡೆದು ಬಂದವರು ನೇರವಾಗಿ ರಸ್ತೆ ದಾಟುತ್ತಾರೆ ಎನ್ನಿ. ತ್ರಿಜ್ಯ 3 ಮೀಟರ್ ಇದ್ದರೆ ದಾಟಬೇಕಾದ ದೂರ ಎಂಟೂವರೆ ಮೀಟರ್. ತ್ರಿಜ್ಯ 9 ಮೀಟರ್ ಮಾಡಿದರೆ ಎರಡೂ ಬದಿಯ ಮೂಲೆಗಳು ಒಳಕ್ಕೆ ಸರಿದು ಅದೇ ದೂರ ಸುಮಾರು 17 ಮೀಟರ್ ಆಗುತ್ತದೆ. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 7 ಸೆಕೆಂಡಿನ ಕೆಲಸ 14 ಸೆಕೆಂಡಾಯಿತು. ಕೋಲೂರಿ ನಡೆಯುವವರಿಗೆ ಇನ್ನೂ ಹೆಚ್ಚು. ಮೂಲೆ ದುಂಡಗಾದಷ್ಟೂ ವಾಹನ ವೇಗ ತಗ್ಗಿಸದೆ ತಿರುಗುತ್ತದೆ ಎನ್ನುವುದು ಬೇರೆ. ದೊಡ್ಡ ತ್ರಿಜ್ಯಕ್ಕೆ ಕೊಡುವ ಕಾರಣ ಬೆಂಕಿ ಆರಿಸುವ ಲಾರಿ. ಅದು ಯಾವಾಗಲೋ ಒಮ್ಮೆ ಬರುತ್ತದೆ, ಬಂದಾಗ ಎದುರು ಪಥವನ್ನೂ ಬಳಸಿ ತಿರುಗಬಹುದು. ಇಲ್ಲವೇ ಮೂಲೆಯಲ್ಲಿ ಚಕ್ರ ಹತ್ತಿಸಬಹುದಾದ ತಗ್ಗು ಕಲ್ಲುಹಾಸು ಹಾಕಬಹುದು. ದಿನವಿಡೀ ನಡೆಯುವವರಿಗೆ ಅಂಥ ಬದಲಿ ದಾರಿ ಇಲ್ಲ.

ಬರೆದ ನಿಯಮ ಸಡಿಲವಾಗುತ್ತ ಹೋದರೆ ಏನಾಗುತ್ತದೆಂದು ಬಾರ್ಸಿಲೋನಾದ ಐಶಾಂಪ್ಲ ಬಡಾವಣೆಯಲ್ಲಿ ನೋಡಬಹುದು. 1859ರಲ್ಲಿ ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರು 113 ಮೀಟರ್ ಚೌಕಗಳ, 20 ಮೀಟರ್ ಬೀದಿಗಳ ನಕ್ಷೆ ಮಾಡಿದರು. ಕಟ್ಟಡ 16 ಮೀಟರ್ ಎತ್ತರ ಮೀರಬಾರದು, ಚೌಕದ ಎರಡು ಬದಿಗಳಲ್ಲಷ್ಟೇ ಇರಬೇಕು, ನಡುವೆ ತೋಟ. ಮೂಲೆಗಳನ್ನು ಕತ್ತರಿಸಿ ಬೀದಿ ಕೂಡುವಲ್ಲಿ ಬಯಲು ಮಾಡಿದರು. ಕತ್ತರಿಸಿದ ಮೂಲೆಗಳು ಉಳಿದವು, ತೋಟಗಳು ಉಳಿಯಲಿಲ್ಲ. ಒಂದೊಂದು ತಿದ್ದುಪಡಿಗೆ ನಾಲ್ಕೂ ಬದಿ ಮುಚ್ಚಿದವು, ಎತ್ತರ ಏರಿತು, ನಡುವಿನ ಜಾಗಕ್ಕೆ ಕಾರ್ಖಾನೆ, ಗೋದಾಮು ನುಗ್ಗಿದವು. ಮೂಲೆ ಉಳಿದದ್ದೇಕೆಂದರೆ ಅದು ಬೀದಿಯ ಗೆರೆ, ನಗರದ ಸ್ವತ್ತು. ತೋಟ ಖಾಸಗಿ ಸೈಟುಗಳ ಒಳಗೆ ಬಿದ್ದಿತ್ತು.

ನಗರದ ಹೊಸ ನಿಯಮದ ಕರಡು ಆಕ್ಷೇಪಣೆಗೆ ಬಂದಾಗ ಓದುವವರು ಮೂರು ಚಿತ್ರ ಬಿಡಿಸಿ ನೋಡಬೇಕು. ಆ ಬಡಾವಣೆಯ ಅತಿ ಕಿರಿದಾದ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಟ್ಟ ಮೇಲೆ ಒಂದು ಕೋಣೆಯಾದರೂ ಮೂರು ಮೀಟರ್ ಅಗಲ ಸಿಗುತ್ತದೆಯೇ, ಅದು ಮೊದಲ ಚಿತ್ರ. ಎರಡನೆಯದು ಮೂಲೆ ಸೈಟು. ಎರಡು ಕಡೆ ರಸ್ತೆ ಇರುವುದರಿಂದ ಎರಡು ಕಡೆಯೂ ಮುಂಭಾಗದ ಸೆಟ್‌ಬ್ಯಾಕ್ ಕೇಳುತ್ತದೆಯೇ ಎಂದು ನೋಡಿ. ಕೇಳಿದರೆ ನಮ್ಮ 12 ಮೀಟರ್ ಅಗಲದಲ್ಲಿ ಕಟ್ಟಲು ಉಳಿಯುವುದು ಏಳೂವರೆ. ಮೂರನೆಯದನ್ನು ಬಿಡಿಸುವವರು ಕಡಿಮೆ: ಇಡೀ ಸಾಲಿನವರೆಲ್ಲ ನಿಯಮ ಕೊಟ್ಟಷ್ಟನ್ನೂ ಪೂರ್ತಿ ಕಟ್ಟಿಕೊಂಡ ದಿನದ ರಸ್ತೆ. ಅದರಲ್ಲಿ ಕೆಳಮಹಡಿಯ ಒಂದು ಕಿಟಕಿಯನ್ನು ಗುರುತಿಸಿ, ಅಲ್ಲಿಂದ ಎದುರು ಕಟ್ಟಡದ ತುದಿಗೆ ಸ್ಕೇಲು ಇಟ್ಟು ಗೆರೆ ಎಳೆಯಿರಿ. ಕೋನಮಾಪಕದಲ್ಲಿ 70 ಬಂದರೆ ಆ ಚಿತ್ರವನ್ನೇ ಆಕ್ಷೇಪಣೆಯ ಅರ್ಜಿಗೆ ಪಿನ್ನು ಹಾಕಿ, ಕೊನೆಯ ದಿನಾಂಕದೊಳಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ನಮಸ್ಕಾರ.